ನೆಟ್‌ವರ್ಕ್ ಇರಲಿಲ್ಲ, ಯುವರ್ ಆನರ್

"ಯುವರ್ ಆನರ್, ನೆಟ್‌ವರ್ಕ್ ಸರಿಯಾಗಿ ಸಿಗ್ತಿಲ್ಲ... ನಾನಿನ್ನೂ ಮೊಂಬಾಸಾ ರಸ್ತೆಯಲ್ಲೇ ಇದ್ದೀನಿ. ಲಾರಿ ಒಂದು ಉರುಳಿ ಬಿದ್ದಿದೆ. ಒಂದರ್ಧ ಗಂಟೆ ಕೊಟ್ರೆ..."

ಇಷ್ಟು ಹೇಳಿ ಆ ತರುಣ ವಕೀಲ ಫೋನನ್ನು ಬೆಂಚಿನ ಮೇಲೆ ಬೋರಲು ಹಾಕಿ, ಅರ್ಧ ತಿಂದಿದ್ದ ಮಹಾಮ್ರಿ ಎಂಬ ಕರಿದ ಸಿಹಿ ಬನ್ನನ್ನು ಚಹಾದಲ್ಲಿ ಅದ್ದಿದ.

ಆ ಬೆಂಚು ಮೊಂಬಾಸಾ ರಸ್ತೆಯಲ್ಲಿ ಇರಲಿಲ್ಲ. ನಮ್ಮ ಊರಿನ ಕೋರ್ಟಿನ ಆವರಣದಲ್ಲೇ, ಬೇವಿನ ಮರದ ಕೆಳಗೆ, ಸೌಮು ಅಮ್ಮನ ಚಹಾದ ಒಲೆಯ ಪಕ್ಕದಲ್ಲಿತ್ತು.

ಅವನ ಬೆನ್ನ ಹಿಂದೆಯೇ ನಿಂತಿದ್ದಳು ವಕೇಶೊ. ಅದೇ ಕೇಸಿನಲ್ಲಿ ಎದುರು ಪಾರ್ಟಿಯ ವಕೀಲೆ!

ಅವಳ ಫೋನೂ ಅದೇ ಆನ್‌ಲೈನ್ ಕಲಾಪಕ್ಕೆ ಸೇರಿತ್ತು. ಅವಳು ಒಂದು ಮಾತೂ ಬೈಯಲಿಲ್ಲ. ದನಿಯಲ್ಲಿ ಜೇನು ಸುರಿಸಿ, "ಯುವರ್ ಆನರ್, ಆ ಉರುಳಿ ಬಿದ್ದ ಲಾರಿಯನ್ನ ತೋರಿಸೋಕೆ ಅನುಮತಿ ಕೊಡಿ" ಎಂದು ಕೇಳಿ ಕ್ಯಾಮೆರಾವನ್ನು ಅವನ ಕಡೆ ತಿರುಗಿಸಿದಳು.

ಪರದೆಯ ಮೇಲೆ ಮ್ಯಾಜಿಸ್ಟ್ರೇಟ್ ಮೇಡಂಗೆ ಕಂಡದ್ದು ಬಾಯಿತುಂಬ ಮಹಾಮ್ರಿ ತುಂಬಿಕೊಂಡು ತಿರುಗಿ ನೋಡಿದ ಆ ತರುಣ ವಕೀಲ, ಥೋಯಾ.

ಅವನು ನಾಚಿದ. ಆಮೇಲೆ ನಕ್ಕ. ಸಿಕ್ಕಿಬಿದ್ದ ಮೇಲೂ ಇಷ್ಟು ಚೆನ್ನಾಗಿ ನಗುತ್ತಾನಲ್ಲ ಎಂದು ವಕೇಶೊಗೆ ಇನ್ನಷ್ಟು ಸಿಟ್ಟು ಬಂತು. ಆ ಸಿಟ್ಟಿನ ತಳದಲ್ಲಿ ಬೇರೇನೋ ಒಂದಿತ್ತು, ಅದು ಅವಳಿಗೆ ಆಗ ಗೊತ್ತಾಗಲಿಲ್ಲ.

ನಮ್ಮ ಕೋರ್ಟಿಗೆ ಆಗ ಸ್ವಂತ ಮ್ಯಾಜಿಸ್ಟ್ರೇಟ್ ಇರಲಿಲ್ಲ. ಇದ್ದವರಿಗೆ ವರ್ಗವಾಗಿ, ಬೇರೆ ಊರಿನ ಮೇಡಂ ಒಬ್ಬರು ಅಲ್ಲಿಂದಲೇ ಪರದೆಯ ಮೇಲೆ ನಮ್ಮ ಕೇಸುಗಳನ್ನು ನಡೆಸುತ್ತಿದ್ದರು. ಆವರಣದಲ್ಲಿ ಮೊಬೈಲಿನ ಸಿಗ್ನಲ್ ಒಂದು ಗೆರೆಗಿಂತ ಮೇಲೇಳುತ್ತಿರಲಿಲ್ಲ. ಹಾಗಾಗಿ ವಕೀಲರ ಸಂಘದ ಬೆನ್ನು ಹತ್ತಿ, ಪತ್ರದ ಮೇಲೆ ಪತ್ರ ಬರೆದು, ವಕೀಲರ ಕೋಣೆಗೆ ವೈಫೈ ತರಿಸಿದವಳೇ ವಕೇಶೊ. ಪ್ರತಿ ವಕೀಲರಿಗೂ ಒಂದು ನಂಬರು. ಅದನ್ನು ಒತ್ತಿದರೆ ಒಳಗೆ. ಕೋಣೆಯ ಕಲ್ಲುಗೋಡೆ ದಪ್ಪ, ಆದರೆ ಕಿಟಕಿಯಿಂದ ಹೊರಬಿದ್ದ ಸಿಗ್ನಲ್ ನೇರವಾಗಿ ಬೇವಿನ ಮರದ ಬೆಂಚಿಗೆ ಬರುತ್ತಿತ್ತು. ಇಡೀ ಊರಿನ ವಕಾಲತ್ತು ಆ ಬೆಂಚಿನ ಮೇಲೆ ನಡೆಯುತ್ತಿತ್ತು ಎಂದರೆ ಸುಳ್ಳಲ್ಲ.

ವೈಫೈಯ ಒಡತಿಯೂ ಅವಳೇ. ಯಾರು ಮೊದಲು, ಯಾರು ಕೊನೆ ಎಂದು ಬದಲಿಸುವ ಪಾಸ್‌ವರ್ಡ್ ಅವಳೊಬ್ಬಳ ಬಳಿ ಮಾತ್ರ ಇತ್ತು.

ಆ ಮಧ್ಯಾಹ್ನ ಅವಳು ಕೋಣೆಗೆ ಹೋಗಿ ಥೋಯಾನ ನಂಬರನ್ನು ಪಟ್ಟಿಯ ಕೊನೆಯ ಸಾಲಿಗೆ ತಳ್ಳಿದಳು. ಜನ ಹೆಚ್ಚಾದರೆ ಮೊದಲು ಉದುರುವುದು ಕೊನೆಯ ಸಾಲಿನವರೇ.

'ನೆಟ್‌ವರ್ಕ್ ಇಲ್ಲ ಅಂತೀಯಲ್ಲ... ನಿಜವಾಗಿಯೂ ಇಲ್ಲದಿದ್ರೆ ಹೇಗಿರುತ್ತೆ ನೋಡು!'

ಒಂದು ವಾರ ಆಟವಾಡಿಸಿ ಸರಿಮಾಡೋಣ ಎಂದುಕೊಂಡಳು. ಆದರೆ ಆ ವಾರದಲ್ಲೇ ಒಂದು ಬೇರೆ ಸಂಗತಿ ನಡೆಯಿತು.

ಸೌಮು ಅಮ್ಮ ವಕೇಶೊಳ ಕಕ್ಷಿದಾರಳು. ಗಂಡ ತೀರಿಕೊಂಡ ಮೇಲೆ, ಕತ್ತಾಳೆ ತೋಟದ ಆಚೆಗಿರುವ ಅವಳ ಎರಡು ಕೋಣೆಯ ಮನೆಯನ್ನು ಮೈದುನ ತನ್ನದೆಂದು ಹೇಳುತ್ತಿದ್ದ. ಕೋರ್ಟಿನ ತಡೆಯಾಜ್ಞೆಯೊಂದೇ ಅವನನ್ನು ಹೊಸಿಲಾಚೆ ನಿಲ್ಲಿಸಿತ್ತು. ಅಮ್ಮನಿಗೆ ಓದಲು ಬಾರದು. ಒಂದು ಬೆಳಿಗ್ಗೆ ಥೋಯಾ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಆಜ್ಞೆಯನ್ನು ಒಂದೊಂದೇ ಸಾಲಾಗಿ ಅವಳಿಗೆ ಓದಿ ಹೇಳುತ್ತಿದ್ದ. ತನ್ನ ಕೇಸಲ್ಲ, ತನ್ನ ಕಕ್ಷಿದಾರಳೂ ಅಲ್ಲ. ಅಮ್ಮ ಮೂರನೇ ಸಲ ಓದಿಸಿದಾಗಲೂ ಅವನು ಬೇಸರಿಸಲಿಲ್ಲ.

ಅದನ್ನು ದೂರದಿಂದ ನೋಡಿದ ವಕೇಶೊಳ ಸಿಟ್ಟು ಅಲ್ಲೇ ಕರಗಿತು. ಸಿಟ್ಟಿನ ಜೊತೆಗೆ, ಪಟ್ಟಿಯ ಕೊನೆಯ ಸಾಲೂ ಮರೆತುಹೋಯಿತು.

ಆಮೇಲೆ ಬೆಂಚಿನ ಮೇಲೆ ಇಬ್ಬರ ನಡುವಿನ ಜಾಗ ದಿನದಿನಕ್ಕೆ ಚಿಕ್ಕದಾಯಿತು. ಕರಾವಳಿಯ ಮಾಲಿಂದಿ ಕಡೆಯ ಅವನ ಎಳೆದೆಳೆದು ಆಡುವ ಮಾತನ್ನು ಅವಳು ಅಣಕಿಸುವಳು. ನೀವು ತೈತಾ ಬೆಟ್ಟದವರು ನಗುವುದಕ್ಕೂ ಅರ್ಜಿ ಹಾಕಿಸಿಕೊಳ್ಳುತ್ತೀರಿ ಎಂದು ಅವನು ಕೆಣಕುವನು. ಅವನ ಲೈನು ಆಗಾಗ ಕಡಿದುಹೋಗುತ್ತಿತ್ತು. ಪಾಪ, ಫೋನು ಹಳತಾಗಿದೆ ಎಂದು ತಿಳಿದು ಹೊಸದನ್ನೇ ಕೊಂಡ. ಪ್ರೀತಿ ಎಂಬ ಪದವನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುವವರ ಹಣೆಬರಹ ನೋಡಿ!

ಒಂದು ಮಂಗಳವಾರ ಸಂಜೆ ವಕೇಶೊಗೆ ಮೊಂಬಾಸಾದ ಹೈಕೋರ್ಟಿನಿಂದ ಕರೆ ಬಂತು. ಬುಧವಾರ ಬೆಳಿಗ್ಗೆ ಖುದ್ದಾಗಿ ಹಾಜರಿರಬೇಕು. ಅದೇ ಹೊತ್ತಿಗೆ ಇಲ್ಲಿ ಸೌಮು ಅಮ್ಮನ ಕೇಸು.

ತನ್ನ ಫೈಲನ್ನು ಯಾರ ಕೈಗೂ ಕೊಟ್ಟವಳಲ್ಲ ಅವಳು. ಒಬ್ಬ ವಕೀಲ ಇನ್ನೊಬ್ಬರ ಪರವಾಗಿ ನಿಲ್ಲುವುದು ನಮ್ಮಲ್ಲಿ ದಿನದ ಮಾತು. ಆದರೆ ಅವಳ ಪಾಲಿಗೆ ಅದು ಮನೆಯ ಬೀಗದ ಕೈ ಕೊಟ್ಟಷ್ಟು ದೊಡ್ಡದು. ಆ ಸಂಜೆ ಅವಳು ಫೈಲನ್ನು ಥೋಯಾನ ಮಡಿಲಲ್ಲಿಟ್ಟಳು.

"ನಿನ್ನ ಪರವಾಗಿ ನಾನಿರ್ತೀನಿ, ವಕೇಶೊ" ಎಂದ ಅವನು. "ನೆಮ್ಮದಿಯಾಗಿ ಹೋಗಿ ಬಾ."

ಬುಧವಾರ ಮಧ್ಯಾಹ್ನ ಅವಳು ರೈಲಿಳಿದು, ಮೊಂಬಾಸಾದಿಂದ ಅವನಿಗೆಂದೇ ತಂದ ಹಲ್ವಾದ ಡಬ್ಬಿ ಹಿಡಿದು ನಗುತ್ತಲೇ ಕೋರ್ಟಿಗೆ ಬಂದಳು.

ಬೇವಿನ ಮರದ ಕೆಳಗೆ ಒಲೆ ಆರಿತ್ತು. ಸೌಮು ಅಮ್ಮ ಸುಮ್ಮನೆ ಕೂತಿದ್ದಳು.

ಕೇಸು ವಜಾ ಆಗಿತ್ತು! ಮೂರು ಸಲ ಕೂಗಿದರೂ ಇವರ ಕಡೆಯಿಂದ ಯಾರೂ ಉತ್ತರ ಕೊಡಲಿಲ್ಲವಂತೆ. ಕೇಸು ಹೋದ ಮೇಲೆ ತಡೆಯಾಜ್ಞೆಯೂ ಹೋದಂತೆ. ಶನಿವಾರ ಬೆಳಿಗ್ಗೆ ಹೊಸ ಬೀಗ ತಂದು ಹಾಕುತ್ತೇನೆ ಎಂದು ಮೈದುನ ಹೇಳಿ ಹೋಗಿದ್ದ.

ಥೋಯಾ ಎಲ್ಲಿ ಹೋಗಿದ್ದ ಎಂದಷ್ಟೇ ಕೇಳಿದಳು ವಕೇಶೊ.

"ಇಲ್ಲೇ ಇದ್ದ, ಮಗಳೇ. ಮೊದಲು ಮರದ ಸುತ್ತ ಸುತ್ತಿದ. ಆಮೇಲೆ ಚಹಾನೂ ಕುಡೀದೆ ರಸ್ತೆ ಕಡೆ ಓಡಿಬಿಟ್ಟ."

ಓಡಿಬಿಟ್ಟ...

ಅವನು ಕೋರ್ಟಿನ ಮೆಟ್ಟಿಲ ಬಳಿ ಅವಳಿಗಾಗಿಯೇ ಕಾಯುತ್ತಿದ್ದ. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಮುಖ ಬಾಡಿತ್ತು.

"ನೆಟ್‌ವರ್ಕ್ ಇರಲಿಲ್ಲ, ವಕೇಶೊ" ಎಂದ.

ನಮ್ಮ ಕೋರ್ಟಿನಲ್ಲಿ ತಡವಾಗಿ ಎದ್ದವನು, ಫೈಲು ಓದದವನು, ಕಕ್ಷಿದಾರನಿಂದ ತಪ್ಪಿಸಿಕೊಂಡವನು ಎಲ್ಲರೂ ಹೇಳುವ ಮಾತು ಇದೊಂದೇ. ಅವಳು ಅವನನ್ನು ಮೊದಲ ಸಲ ಕಂಡಾಗ ಅವನ ಬಾಯಲ್ಲಿ ಇದ್ದದ್ದೂ ಇದೇ.

"ಬೇರೆ ಏನು ಹೇಳಿದ್ರೂ ನಂಬ್ತಿದ್ದೆ" ಎಂದಳು ವಕೇಶೊ. "ಲಾರಿ ಉರುಳಿರಲಿಲ್ವಾ ಈ ಸಲ?"

ಅವನು ಅಂಗಿಯ ತೋಳಿನಿಂದ ಮುಖದ ಬೆವರು ಒರೆಸಿಕೊಂಡ.

"ನನ್ನ ಹತ್ರ ಇರೋ ಸತ್ಯ ಇದೊಂದೇ. ಅದು ಸುಳ್ಳಿನ ಥರ ಕೇಳ್ಸುತ್ತೆ ಅಂತ ನನಗೂ ಗೊತ್ತು."

ಅವಳು ಫೈಲನ್ನು ಕಿತ್ತುಕೊಂಡು ನಡೆದಳು. ಹಲ್ವಾದ ಡಬ್ಬಿ ಚೀಲದಲ್ಲೇ ಉಳಿಯಿತು. ದಾರಿಯುದ್ದಕ್ಕೂ ಅತ್ತಳು. ಕೇಸು ಹೋದದ್ದಕ್ಕೆ ಎಷ್ಟು ಅತ್ತಳೋ, ಅವನು ಹೋದದ್ದಕ್ಕೂ ಅಷ್ಟೇ ಅತ್ತಳು.

ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೋರ್ಟಿಗೆ ಬಂದಳು. ಕೇಸನ್ನು ಮತ್ತೆ ತೆರೆಸಬೇಕೆಂದರೆ ಗೈರುಹಾಜರಿಗೆ ಕಾರಣ ಬರೆದು ಪ್ರಮಾಣಪತ್ರ ಹಾಕಬೇಕು. ನೆಟ್‌ವರ್ಕ್ ಇರಲಿಲ್ಲ ಎಂಬ ಸುಳ್ಳನ್ನು ಅವಳು ಬರೆಯಲಾರಳು. ವೈಫೈ ಸರಿಯಾಗಿತ್ತು, ತಾನು ನಂಬಿದ ವಕೀಲ ಬಿಟ್ಟು ಓಡಿದ ಎಂದು ಆಧಾರ ಸಮೇತ ಬರೆಯುವುದೆಂದು ನಿರ್ಧರಿಸಿದಳು. ಕೋಣೆಯ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತಿ, ಬುಧವಾರ ಯಾವ ನಂಬರು ಎಷ್ಟು ಹೊತ್ತಿಗೆ ಒಳಬಂತು, ಹೊರಹೋಯಿತು ಎಂಬ ದಾಖಲೆ ತೆರೆದಳು.

ಥೋಯಾನ ನಂಬರು. ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಒಳಗೆ. ಐದಕ್ಕೆ ಹೊರಗೆ.

ಆರಕ್ಕೆ ಒಳಗೆ. ಆರಕ್ಕೇ ಹೊರಗೆ.

ಮತ್ತೆ ಒಳಗೆ. ಮತ್ತೆ ಹೊರಗೆ...

ಅವಳು ಬೆರಳಿಟ್ಟು ಎಣಿಸಿದಳು. ಹದಿನೇಳು ಸಲ! ಅರ್ಧ ಗಂಟೆಯೊಳಗೆ ಹದಿನೇಳು ಸಲ ಅವನು ಅವಳ ಪರವಾಗಿ ಒಳಗೆ ಬರಲು ಯತ್ನಿಸಿದ್ದ. ಹದಿನೇಳು ಸಲವೂ ಯಾರೋ ಅವನನ್ನು ಹೊರಗೆ ನೂಕಿದ್ದರು.

ಯಾರು?

ಸಾಲಿನ ತುದಿಯಲ್ಲಿ ಕಾರಣವೂ ಇತ್ತು. ಜನ ಹೆಚ್ಚು, ಈ ನಂಬರು ಕೊನೆಯ ಸಾಲಿನದು, ಬದಲಿಸಿದವರು ವಕೇಶೊ.

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು.

'ನಾನು... ಅವನನ್ನ ಹೊರಗೆ ಹಾಕಿದ್ದು ನಾನು. ಸೌಮು ಅಮ್ಮನ ಮನೆ ಬಾಗಿಲು ತೆರೆದುಕೊಟ್ಟಿದ್ದೂ ನಾನೇ!'

ಆ ಕೊನೆಯ ಅಂಕಣವೊಂದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಮುದ್ರಿಸಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಕೇಸೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಅವಳು ಕೂತು ಯೋಚಿಸಿದಳು, ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಆಸೆಯೂ ಪಟ್ಟಳು. ಆಮೇಲೆ ಮೆಟ್ಟಿಲ ಬಳಿ ನಿಂತಿದ್ದ ಆ ಬಾಡಿದ ಮುಖ ನೆನಪಾಯಿತು. ಎಲ್ಲ ಅಂಕಣಗಳನ್ನೂ ಮುದ್ರಿಸಿ ಪ್ರಮಾಣಪತ್ರಕ್ಕೆ ಲಗತ್ತಿಸಿದಳು. ಥೋಯಾನ ನಂಬರನ್ನು ಪಟ್ಟಿಯ ಮೊದಲ ಸಾಲಿಗೆ ಏರಿಸಿದಳು. ನಂತರ ಹೊರಗೆ ಹೋಗಿ, ಒಲೆ ಹೊತ್ತಿಸುತ್ತಿದ್ದ ಸೌಮು ಅಮ್ಮನ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡಳು. ಅಮ್ಮ ಮೊದಲು ಚೆನ್ನಾಗಿ ಬೈದಳು. ಬೈದಾದ ಮೇಲೆ ಚಹಾ ಕೊಟ್ಟಳು.

ಶುಕ್ರವಾರ ಅರ್ಜಿ ತುರ್ತಾಗಿ ವಿಚಾರಣೆಗೆ ಬಂತು. ಬೆಂಚು ತುಂಬಿತ್ತು. ಥೋಯಾ ಬೆಂಚಿನ ಆ ತುದಿಯಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೆಲ ನೋಡುತ್ತ ಕೂತಿದ್ದ.

ವಕೇಶೊ ಎದ್ದು ನಿಂತಳು. ಪರದೆಯ ಮೇಲಿನ ಕೋರ್ಟಿಗೆ ಎದ್ದು ನಿಲ್ಲಬೇಕಿಲ್ಲ, ಆದರೂ ನಿಂತಳು.

"ನೆಟ್‌ವರ್ಕ್ ಇರಲಿಲ್ಲ, ಯುವರ್ ಆನರ್."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಎದುರು ವಕೀಲರು, ಇದು ದಿನಾ ಕೇಳುವ ನೆಪ ಎಂದು ಆಕ್ಷೇಪಿಸಿದರು. ಮೇಡಂ ಕನ್ನಡಕ ಸರಿಸಿ ಲಗತ್ತಿಸಿದ್ದ ಹಾಳೆಯನ್ನು ಓದತೊಡಗಿದರು.

"ಹದಿನೇಳು ಸಲ" ಎಂದರು ಕೊನೆಗೆ. "ಈ ನಂಬರನ್ನ ಕೊನೇ ಸಾಲಿಗೆ ಹಾಕಿದ್ದು ಯಾರು?"

"ನಾನೇ. ಒಂದು ಸಿಟ್ಟಿಗೆ ಹಾಕಿದ್ದೆ, ತೆಗೆಯೋದು ಮರೆತೆ. ಅವರ ತಪ್ಪು ಒಂದಿಷ್ಟೂ ಇಲ್ಲ. ನನ್ನ ಕಕ್ಷಿದಾರಳದ್ದಂತೂ ಇಲ್ಲವೇ ಇಲ್ಲ. ನನ್ನ ತಪ್ಪಿಗೆ ಅವರ ಮನೆ ಹೋಗಬಾರದು, ಯುವರ್ ಆನರ್."

ಬೆಂಚಿನ ಆ ತುದಿಯಲ್ಲಿ ಥೋಯಾ ತಟ್ಟನೆ ತಲೆ ಎತ್ತಿದ. ವಕೇಶೊಗೆ ಆ ಕಡೆ ನೋಡುವ ಧೈರ್ಯವಾಗಲಿಲ್ಲ.

ಮೇಡಂ ಆಜ್ಞೆಯನ್ನು ಓದಿದರು. ಕೇಸು ಮತ್ತೆ ತೆರೆಯಿತು, ತಡೆಯಾಜ್ಞೆ ಮೊದಲಿನಂತೆಯೇ ಮುಂದುವರಿಯಿತು. ವೈಫೈಯ ಪಾಸ್‌ವರ್ಡನ್ನು ಇನ್ನು ಮುಂದೆ ಒಬ್ಬರಲ್ಲ, ಮೂವರು ಇಟ್ಟುಕೊಳ್ಳಬೇಕು ಎಂದೂ ಸೇರಿಸಿದರು. ವಕೇಶೊ ತಲೆ ತಗ್ಗಿಸಿ ಒಪ್ಪಿದಳು.

ಆಮೇಲೆ ಮೇಡಂ ಪರದೆಯನ್ನು ದಿಟ್ಟಿಸಿದರು.

"ಇಲ್ಲಿ ಇನ್ನೊಂದು ಹೆಸರು ಕಾಣ್ತಿದೆ. 'ಥೋಯಾ, ವಕೇಶೊ ಪರವಾಗಿ.' ವಕೇಶೊ ಅವರೇ ಇದ್ದಾರಲ್ಲ, ನೀವು ಯಾಕ್ರೀ?"

ಬುಧವಾರ ಹಾಕಿಕೊಂಡಿದ್ದ ಹೆಸರನ್ನು ಅವನು ಬದಲಿಸಿರಲಿಲ್ಲ.

"ಮರೆತೆ, ಯುವರ್ ಆನರ್."

"ಮರೆಯೋದು ನಿಮ್ಮ ಕೋರ್ಟಲ್ಲಿ ಅಂಟುರೋಗ ಅಂತ ಕಾಣುತ್ತೆ. ಇವತ್ತಾದ್ರೂ ನೆಟ್‌ವರ್ಕ್ ಇದೆಯಾ?"

"ಇದೆ. ಇವತ್ತು ಒಂದು ಸಲಾನೂ ಹೋಗಿಲ್ಲ."

ಕಲಾಪ ಮುಗಿದು ಜನ ಚದುರಿದರು. ಸೌಮು ಅಮ್ಮ ಎರಡು ಕಪ್ ಶುಂಠಿ ಚಹಾವನ್ನು ಬೆಂಚಿನ ನಡುವೆ ಇಟ್ಟು, ನಾಳೆ ಮೈದುನ ಆ ಬೀಗವನ್ನು ತನ್ನ ಬಾಯಿಗೇ ಹಾಕಿಕೊಳ್ಳಲಿ ಎಂದು ಹೇಳಿ ಒಲೆಯ ಕಡೆ ಹೋದಳು.

ವಕೇಶೊ ಚೀಲದಿಂದ ಹಲ್ವಾದ ಡಬ್ಬಿ ತೆಗೆದು ಅವನ ಪಕ್ಕದಲ್ಲಿಟ್ಟಳು.

"ನಾನು ನಿನ್ನನ್ನ ನಂಬಲಿಲ್ಲ" ಎಂದಳು. "ಕ್ಷಮಿಸು ಅನ್ನೋಕೂ ಮುಖ ಇಲ್ಲ."

"ಆ ಲಾರಿ ಉರುಳಿಸಿದ್ದು ನಾನು ತಾನೇ" ಎಂದ ಥೋಯಾ. "ಅವತ್ತು ಸುಳ್ಳು ಹೇಳದೇ ಇದ್ದಿದ್ರೆ, ಮೊನ್ನೆ ನನ್ನ ಸತ್ಯ ನಿನಗೆ ಸತ್ಯದ ಥರಾನೇ ಕೇಳಿಸ್ತಿತ್ತು."

"ಹದಿನೇಳು ಸಲ, ಥೋಯಾ... ಬೇರೆಯವರಾಗಿದ್ರೆ ಮೂರಕ್ಕೇ ಬಿಡ್ತಿದ್ರು."

"ಹದಿನೆಂಟು."

ಅವಳು ತಿರುಗಿ ನೋಡಿದಳು.

"ಹದಿನೆಂಟನೇ ಸಲ ರಸ್ತೆಗೆ ಓಡಿದೆ. ಅಲ್ಲಿ ಮೊಬೈಲಿನ ಸಿಗ್ನಲ್ ಸಿಕ್ತು. ನಿನ್ನ ವೈಫೈ ಪಟ್ಟಿಯಲ್ಲಿ ಅದು ಬರಲ್ಲ. ಒಳಗೆ ಹೋದಾಗ ಎಲ್ಲಾ ಮುಗಿದಿತ್ತು, ಪರದೆ ಮೇಲೆ ಯಾರೂ ಇರಲಿಲ್ಲ. ಆದ್ರೂ ನಿಂತ್ಕೊಂಡು ಹೇಳ್ದೆ."

"ಏನಂತ?"

ಅವನು ನಾಚಿಕೊಂಡು ಚಹಾದ ಕಪ್ಪನ್ನು ಕೈಗೆತ್ತಿಕೊಂಡ. ವಕೇಶೊ ಆ ಕಪ್ಪನ್ನು ಅವನ ಕೈಯಿಂದ ತೆಗೆದು ಕೆಳಗಿಟ್ಟು, ಖಾಲಿಯಾದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಈಗ ಹೇಳು. ನಾನು ಕೇಳ್ತಿದ್ದೀನಿ."

"ವಕೇಶೊ ಪರವಾಗಿ... ಥೋಯಾ ಹಾಜರಿದ್ದಾನೆ."

ಅವಳ ಕಣ್ಣು ತುಂಬಿ ಬಂತು. ಅಳುವಿನ ನಡುವೆಯೇ ನಕ್ಕಳು, ಅದಕ್ಕೆ ಯಾರ ಅರ್ಜಿಯೂ ಬೇಕಾಗಲಿಲ್ಲ.

"ಮುಂದಿನ ತಾರೀಖು ಯಾವತ್ತು?" ಎಂದು ಕೇಳಿದ ಅವನು, ಮೆಲ್ಲಗೆ.

"ಈ ಕೇಸಲ್ಲಿ ತಾರೀಖು ಕೊಡಲ್ಲ" ಎಂದಳು ವಕೇಶೊ. "ದಿನಾ ಬರ್ಬೇಕು."