ಊದಿಕೊಳ್ಳದ ಬೆರಳು

ಬೆಳಿಗ್ಗೆ ಆರು ಗಂಟೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸದ ಅಮ್ಮಾಜಮ್ಮ ಚಾಪೆಯ ಮೇಲೆ ಸತ್ತಿದ್ದಳು. ವಯಸ್ಸು ಮೂವತ್ತೆರಡು. ವರ್ಷ 1963.

ಎಂಟರ ಹೊತ್ತಿಗೆ ಕಾಂಪೌಂಡರ್ ನಲ್ಲಪ್ಪ ಲಾಕಪ್ಪಿನಲ್ಲಿದ್ದ. ಹಿಂದಿನ ಸಂಜೆ, ಕುಸಿದುಬಿದ್ದ ಅವಳಿಗೆ ಇಂಜೆಕ್ಷನ್ ಕೊಟ್ಟವನು ಅವನೇ. ಅವನ ಅಂಗಡಿಯ ಬಾಗಿಲನ್ನು ಜನ ಮುರಿದಿದ್ದರು.

“ಇನ್ನೇನು ಬೇಕು ಡಾಕ್ಟ್ರೇ?” ಎಂದ ಸಬ್‌ಇನ್‌ಸ್ಪೆಕ್ಟರ್ ಕೋನಪ್ಪ. “ಚುಚ್ಚಿದ, ಸತ್ತಳು. ಕೊಲೆ ಕೇಸು ಹಾಕ್ತೀನಿ.”

ಶವಪರೀಕ್ಷೆ ಮುಗಿಸಿದ್ದ ಸರ್ಕಾರಿ ಡಾಕ್ಟರ್ ಚನ್ನಕೇಶವ ಅಡ್ಡಡ್ಡ ತಲೆಯಾಡಿಸಿದರು. “ಚುಚ್ಚಿದ್ದು ಎಡತೋಳಿಗೆ. ನಂಜು ಏರಿರೋದು ಬಲಗೈ ಬೆರಳಿಂದ. ಮೂಳೆವರೆಗೂ ಕೀವು. ಆದರೆ ಬೆರಳು ಊದಿಲ್ಲ, ಕೆಂಪಾಗಿಲ್ಲ. ಅದು ಹೇಗೆ?”

“ನೀವು ಡಾಕ್ಟ್ರು. ನನ್ನ ಕೇಳ್ತೀರಲ್ಲ!”

ಇಬ್ಬರೂ ಅಮ್ಮಾಜಮ್ಮನ ಮನೆಗೆ ಹೋದರು. ಅವಳ ಓರಗಿತ್ತಿ ಅಶ್ವತ್ಥಮ್ಮ ಗೋಡೆಗೊರಗಿ ಕೂತಿದ್ದಳು. ಉಸಿರಾಡಿದರೆ ಸಿಳ್ಳೆಯಂಥ ಸದ್ದು.

“ಬೆರಳಿಗೆ ಏನಾಗಿತ್ತಮ್ಮ?” ಡಾಕ್ಟರು ಕೇಳಿದರು.

“ಗೂಡು ಬೇಯಿಸೋ ನೀರು ತಾಗಿ ಬೊಬ್ಬೆ ಎದ್ದಿತ್ತು ಸ್ವಾಮಿ. ಹೋದ ವಾರ. ಆಮೇಲೆ ಒಡೀತು.”

“ಜ್ವರ?”

“ಇರಲಿಲ್ಲ. ಕೆಲಸಕ್ಕೂ ಹೋದಳು. ಎರಡೆರಡು ಮುದ್ದೆ ಉಂಡಳು. ‘ಅಕ್ಕ, ನಿನ್ನ ಪಾಲಿಗೂ ಕೈ ಹಾಕ್ತೀನಿ ನೋಡು’ ಅಂತ ನಕ್ಕಳು.”

“ಬೆರಳು ಊದಿದ್ದರೆ?”

“ಮಾಲೀಕ ಮುನಿಶಾಮಪ್ಪ ಒಳಕ್ಕೇ ಬಿಡ್ತಿರಲಿಲ್ಲ. ದಿನಾ ಬಾಗಿಲಲ್ಲೇ ಕೈ ನೋಡ್ತಾನೆ. ಊದಿದ ಬೆರಳಲ್ಲಿ ಎಳೆ ಹಿಡಿಯಕ್ಕಾಗಲ್ಲ, ನೂಲು ಕಿತ್ತೋಗುತ್ತೆ ಅಂತ. ಅವಳ ಜಾಗ ಬೇರೆಯವರಿಗೆ ಕೊಟ್ಟುಬಿಡ್ತಿದ್ದ.”

“ಹಾಗಾದ್ರೆ ಅವನನ್ನೇ ಎಳ್ಕೊಂಬರ್ಲಾ?” ಎಂದ ಕೋನಪ್ಪ.

ಡಾಕ್ಟರು ಅಶ್ವತ್ಥಮ್ಮನ ಮುಂದೆ ಕೂತರು. “ನಿಮ್ಮ ಉಬ್ಬಸಕ್ಕೆ ಏನು ತಗೋತೀರಿ?”

“ಚಿಕ್ಕಬಳ್ಳಾಪುರದ ಡಾಕ್ಟ್ರು ಬರೆದ ಬಿಳೀ ಮಾತ್ರೆ. ಮಂಡಿ ಊತಾನೂ ಅದರಿಂದಲೇ ಇಳೀತು.”

“ಉಬ್ಬಸ ನಿಂತಿತ್ತಾ?”

“ನಿಂತಿತ್ತು.”

“ಮತ್ತೆ ಬಂದಿದ್ದು—ಈ ವಾರ?”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಕೋನಪ್ಪನವರೇ,” ಡಾಕ್ಟರು ನಿಧಾನವಾಗಿ ಹೇಳಿದರು, “ಕ್ರಿಮಿ ಒಳಗೆ ಬಂದರೆ ಬಿಳಿ ರಕ್ತಕಣಗಳು ಒಂದು ಬಗೆಯ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಕಳ್ಳ ಬಂದ ಅಂತ ಕೂಗಿದ ಹಾಗೆ. ಜ್ವರ ಬರಿಸೋದು ಆ ಕೂಗು. ಊತ, ಕೆಂಪು—ಎಲ್ಲ ಮೈಯೇ ಎಬ್ಬಿಸೋ ಗಲಾಟೆ. ಈ ಬಿಳೀ ಮಾತ್ರೆ ಸ್ಟೀರಾಯ್ಡು. ಆ ಬಾಯಿ ಮುಚ್ಚುತ್ತೆ, ಹಸಿವು ಹೆಚ್ಚಿಸುತ್ತೆ. ಕ್ರಿಮಿಯನ್ನು ಮುಟ್ಟಲ್ಲ. ಅದು ತಡೆಯಿಲ್ಲದೆ ಏರಿತು. ಎರಡು ಮುದ್ದೆ ಅಂದಾಗಲೇ ನನಗೆ ಅನುಮಾನ. ಈಕೆಯ ಉಸಿರಿಂದ ಖಾತ್ರಿಯಾಯಿತು. ತನ್ನ ಮಾತ್ರೆಯನ್ನೆಲ್ಲ ಅವಳಿಗೆ ಕೊಟ್ಟಿದ್ದಾಳೆ.”

“ಕೆಲಸ ಹೋಗಬಾರದು ಅಂತ ಕೊಟ್ಟೆ ಸ್ವಾಮಿ,” ಎಂದಳು ಅಶ್ವತ್ಥಮ್ಮ. “ನಾನೇ ಕೊಂದೆನಾ?”



ನಲ್ಲಪ್ಪನನ್ನು ಮಧ್ಯಾಹ್ನ ಬಿಟ್ಟರು. ಅಶ್ವತ್ಥಮ್ಮನ ಮೇಲೆ ಕೇಸು ಹಾಕಲಿಲ್ಲ. ತಿಥಿ ಮುಗಿಯುವವರೆಗೂ ಅವಳು ದಿನಾ ಠಾಣೆಗೆ ಬಂದು, ತನ್ನನ್ನು ಹಿಡಿದು ಒಳಗೆ ಹಾಕಲಿ ಎಂಬಂತೆ ಹೊರಗಿನ ಬೆಂಚಿನ ಮೇಲೆ ಕೂತು, ಎದ್ದು ಹೋಗುತ್ತಿದ್ದಳು.