ನೂರರ ಮೇಲಿನ ನಾತ

ಮಗ್ಗದ ಓಣಿಯ ತುದಿಯಲ್ಲಿದ್ದ ಘ್ರಾಣಫಲಕ ಫಕೀರವ್ವನ ಮುಂದೆ ಮತ್ತೊಮ್ಮೆ ಗಾಳಿ ಎಳೆದುಕೊಂಡಿತು. ಮೂರು ಸಲ ಮೂಸಿತು. ಗಾಜಿನ ಮೇಲೆ ಹಸಿರು ಅಕ್ಷರ ಮೂಡಿತು: 'ನಿಮ್ಮ ದೂರಿಗೆ ಧನ್ಯವಾದ.' ಇದು ಹತ್ತೊಂಬತ್ತನೆಯ ಧನ್ಯವಾದ. ಅವಳ ಕಾಲಬುಡದ ಒಡೆದ ಗಟಾರಿನಲ್ಲಿ ಕಪ್ಪು ರಾಡಿ ಉಕ್ಕುತ್ತಿತ್ತು. ಸತ್ತ ಹೆಗ್ಗಣವೊಂದು ಉಬ್ಬಿಕೊಂಡು ಅದರ ಮೇಲೆ ತೇಲುತ್ತಿತ್ತು.

ಇಸವಿ ೨೦೬೧. ದೂರನ್ನು ಬರೆದುಕೊಡುವ ಕಾಲ ಹೋಗಿತ್ತು. ಬರೆಯುವಾಗ ಜನ ಸುಳ್ಳು ಸೇರಿಸುತ್ತಾರೆ, ಮೂಗು ಸುಳ್ಳು ಹೇಳುವುದಿಲ್ಲ ಎಂದು ಯಾರೋ ಜಾಣರು ಈ ಫಲಕ ಕಂಡುಹಿಡಿದಿದ್ದರು. ಅದು ನಾತವನ್ನು ಅಳೆದು, ಅಂಕಿಯಾಗಿಸಿ ಪುರಸಭೆಗೆ ಕಳಿಸುತ್ತದೆ. ಅಂಕಿ ಅರವತ್ತು ದಾಟಿದರೆ ಮರುದಿನವೇ ಹೀರುಬಂಡಿ ಬಂದು ಗಟಾರು ಬಳಿಯಬೇಕು. ಈ ಓಣಿಗೆ ಬಂಡಿ ಬರಲೇ ಇಲ್ಲ. ಬಂದದ್ದು 'ದೂರುರಹಿತ ಓಣಿ' ಎಂಬ ಪ್ರಶಸ್ತಿಯ ಹಲಗೆ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಅದನ್ನು ಗಟಾರಿನ ಪಕ್ಕ ನೆಟ್ಟು ಹೋಗಿದ್ದರು, ನಾಚಿಕೆಗೆಟ್ಟವರು.

ಫಕೀರವ್ವನಿಗೆ ಹೇಸಿಗೆಯ ಜೊತೆಗೆ ದಿಗಿಲೂ ಇತ್ತು. ಮಗಳು ನೀಲವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತಿಂಗಳ ಬಸುರಿ. ತುತ್ತು ಬಾಯಿಗಿಟ್ಟರೆ ನಾತಕ್ಕೆ ವಾಂತಿ. ಭಾನುವಾರ ಬೀಗರು ಬರುವವರಿದ್ದರು. "ಹಿಂಗ ಇದ್ರ ಹುಡುಗೀನ ಕರ್ಕೊಂಡು ಹೋಗ್ತೀವಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದರು.

ಶುಕ್ರವಾರ ಫಲಕದ ತಪಾಸಣೆಗೆ ಎಂಜಿನಿಯರ್ ವಾದಿರಾಜ ಬಂದಾಗ ಫಕೀರವ್ವ ಅಡ್ಡ ನಿಂತಳು.

"ಯಪ್ಪಾ, ನಿನ್ನ ಈ ಗಾಜು ನನ್ನ ದೂರು ಎಲ್ಲಿ ಒಯ್ದು ಒಗೀತೈತಿ?"

ಅವನು ಫಲಕದೊಳಗಿನ ದಾಖಲೆ ತೆರೆದ. "ಇದು ಬ್ರೌಸರ್ ಪುಟ, ಅಮ್ಮ. ಇದರೊಳಗಿರೋ ಸಣ್ಣ ಪ್ರೋಗ್ರಾಮು ಅಂಕಿಯನ್ನ ಲಕೋಟೆಗೆ ಹಾಕಿದ ಹಾಗೆ ಕಟ್ಟಿ, ಪುರಸಭೆಯ ಸರ್ವರಿನ ಸ್ವೀಕಾರ-ಕಿಂಡಿಗೆ ಕಳಿಸ್ತದೆ. ಕಿಂಡಿ ತಗೊಂಡ್ರೆ ದೂರು ದಾಖಲು." ಅಷ್ಟರಲ್ಲಿ ಅವನ ಮುಖ ಸಣ್ಣದಾಯಿತು. "ನಿಮ್ಮ ನಾತ ನೂರಾ ಮೂವತ್ತು. ಕಿಂಡಿ ನೂರರವರೆಗೆ ಮಾತ್ರ ತಗೊಳ್ತದೆ. ಅದಕ್ಕಿಂತ ಹೆಚ್ಚು ನಾರೋ ಓಣಿ ಇರ್ತದೆ ಅಂತ ಯಾರೂ ಎಣಿಸಿರಲಿಲ್ಲ. ಹಾಗಾಗಿ ತಪ್ಪು ಅಂಕಿ ಅಂತ ವಾಪಸ್ಸು."

"ವಾಪಸ್ ಬಂದದ್ದನ್ನ ನನಗ್ಯಾಕ ಹೇಳ್ಲಿಲ್ಲ?"

"ಕೆಂಪು ಅಕ್ಷರ ಕಂಡ್ರೆ ಜನ ಗಾಬರಿಯಾಗ್ತಾರೆ ಅಂದ್ರು ಮೇಲಿನವರು. ಕಿಂಡಿಯ ಉತ್ತರಕ್ಕೆ ಕಾಯದೆ ಧನ್ಯವಾದ ಹೇಳೋ ಹಾಗೆ ಬರೆದೆ."

"ಹೇಸಿ ಕೆಲಸ ಮಾಡಿದಿ. ಈಗರ ತಿದ್ದು."

"ಪುಟ ನನ್ನದು, ಕಿಂಡಿ ಬೇರೆಯವರದು. ಆ ನೂರನ್ನ ಬದಲಿಸೋಕೆ ಸಭೆ ಸೇರಬೇಕು. ಮೂರು ತಿಂಗಳಾಗ್ತದೆ."

ಫಕೀರವ್ವ ಮನೆಯೊಳಗೆ ಹೋಗಿ ಕೆಂಡದ ಬಟ್ಟಲು ಹಿಡಿದು ಬಂದಳು. ಬಾಣಂತಿ ಕೋಣೆಗೆಂದು ತೆಗೆದಿಟ್ಟಿದ್ದ ಲೋಬಾನವನ್ನು ಕೆಂಡದ ಮೇಲೆ ಚೆಲ್ಲಿ, ಹೊಗೆಯನ್ನು ಫಲಕದ ಮೂಗಿಗೆ ಹಿಡಿದಳು. ಸುಗಂಧ ಬೆರೆತಷ್ಟೂ ಅಂಕಿ ಇಳಿಯತೊಡಗಿತು. ನೂರಾ ಹನ್ನೆರಡು. ಇನ್ನೊಂದು ಹಿಡಿ ಹಾಕಿದಳು. ತೊಂಬತ್ತೇಳು.

"ಕಿಂಡಿ ತಗೊಂಡಿತು," ಎಂದ ವಾದಿರಾಜ, ತಲೆ ತಗ್ಗಿಸಿ.

"ಥೂ. ನಾರೂದನ್ನ ನಾರತೈತಿ ಅನ್ನಾಕ ಮೊದಲು ಘಮಘಮ ಮಾಡಬೇಕಂತ."

ಶನಿವಾರ ಬಂಡಿ ಬಂತು. ಭಾನುವಾರ ಬೀಗರು ಹೋಳಿಗೆ ಉಂಡು, ಸೊಸೆಯನ್ನು ಬಿಟ್ಟು ಹೋದರು. ಗುಟ್ಟು ಓಣಿಯಿಂದ ಓಣಿಗೆ ಹಬ್ಬಿ, ಊರಿನ ಕೊಳಕು ಗಟಾರುಗಳ ಬದಿಯಲ್ಲೆಲ್ಲ ಲೋಬಾನದ ಹೊಗೆ ಎದ್ದಿತು.

ಮೂರು ತಿಂಗಳ ಮೇಲೆ ಸಭೆ ಸೇರಿತು. ಗಟಾರು ಮತ್ತೆ ತುಂಬಿತ್ತು. ಮೊಮ್ಮಗಳನ್ನು ಹೆಗಲಿಗೆ ಒರಗಿಸಿಕೊಂಡು ಫಕೀರವ್ವ ಬಂದಾಗ ವಾದಿರಾಜ ಫಲಕಕ್ಕೆ ಹೊಸ ಸೂಚನೆ ಅಂಟಿಸುತ್ತಿದ್ದ; ಆಕೆಯ ಮುಖ ನೋಡಲಿಲ್ಲ. ನೂರನ್ನು ಯಾರೂ ಮುಟ್ಟಿರಲಿಲ್ಲ. ಸೂಚನೆಯಲ್ಲಿ ಹೀಗಿತ್ತು: 'ದೂರುದಾರರು ಕಡ್ಡಾಯವಾಗಿ ಲೋಬಾನ ತರತಕ್ಕದ್ದು.'

ಫಕೀರವ್ವ ಕ್ಯಾಕರಿಸಿ ಗಾಜಿನ ಮೇಲೆ ಉಗಿದಳು. ಫಲಕ ಅದನ್ನೂ ಮೂರು ಸಲ ಮೂಸಿ, ಧನ್ಯವಾದ ಹೇಳಿತು.