ನೀಲಿ ಪೆಟ್ಟಿಗೆ, ಹಳದಿ ಪೆಟ್ಟಿಗೆ

ನಟ್ಟು ಬಿಚ್ಚುವ ತನ್ನ ರಾಚೆಟ್ ಯಾರ ಕೈಗೂ ಸಿಗಬಾರದೆಂದು ಅವಳು ಪೆಟ್ಟಿಗೆಗೆ ಬೀಗ ಹಾಕಿಯೇ ಏಳುತ್ತಿದ್ದಳು. ಆ ಬೆಳಿಗ್ಗೆ ಅದೇಕೋ ಮರೆತುಹೋಯಿತು. ಟೀ ಕುಡಿದು ಬಂದು ನೋಡಿದರೆ ನೀಲಿ ಪೆಟ್ಟಿಗೆಯ ಮೇಲಿನ ಖಾನೆ ಖಾಲಿ. ಹುಡುಕುತ್ತ ಗ್ಯಾರೇಜಿನ ಹಿತ್ತಲಿಗೆ ಹೋದಾಗ ಹೊಸಬ ಹಳೇ ಟೈರಿನ ಮೇಲೆ ಕುಳಿತಿದ್ದ. ರಾಚೆಟ್ಟನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ ತಿರುಗಿಸುತ್ತಿದ್ದ.

"ಕೇಳದೆ ತಗೊಳ್ಳೋರನ್ನ ಏನಂತಾರೆ ಗೊತ್ತಾ?" ಎಂದಳು.

ಅವನು ಕಣ್ಣು ತೆರೆದ. ಗಾಬರಿಯಾಗಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಕಳ್ಳ ಆಗಿದ್ರೆ ಇಷ್ಟೊತ್ತಿಗೆ ಓಡಿಹೋಗಿರ್ತಿದ್ದೆ ಮೇಡಂ, ಕೂತು ಕೇಳ್ತಿರಲಿಲ್ಲ. ನನ್ನ ರಾಚೆಟ್ ತಿರುಗಿಸಿದ್ರೆ ಕಟಕಟ ಅಂತ ಜಗಳ ಆಡುತ್ತೆ. ನಿಮ್ಮದು ಪಿಸುಗುಟ್ಟುತ್ತೆ."

ಅವಳು ಅದನ್ನು ಕಿತ್ತುಕೊಂಡು, ಕೊಳೆಯಿಲ್ಲದಿದ್ದರೂ ಬಟ್ಟೆಯಿಂದ ಒರೆಸುತ್ತ ನಡೆದುಬಿಟ್ಟಳು. ಒರೆಸಿದಷ್ಟೂ ಆ ಮಾತು ಕಿವಿಯಿಂದ ಹೋಗಲೊಲ್ಲದು.

ಗ್ಯಾರೇಜು ಅವಳ ದೊಡ್ಡಪ್ಪನದು. ಲಾರಿ, ಬಸ್ಸುಗಳ ಕೆಲಸ. ಅವಳು ಅವರ ಕೈಯಲ್ಲೇ ಪಳಗಿದವಳು. ಮೊದಲ ದುಡಿಮೆಯಲ್ಲಿ ಸೀರೆ ಕೊಳ್ಳದೆ, ದೊಡ್ಡ ಕಂಪನಿಯ, ಆ ನೀಲಿ ಪೆಟ್ಟಿಗೆಯ ದುಬಾರಿ ಸೆಟ್ಟು ಕೊಂಡವಳು. ಹೊಸಬ ಬಂದು ವರ್ಷವಾಗುತ್ತ ಬಂದಿದ್ದರೂ ಹೆಸರು ಹಾಗೇ ಅಂಟಿಕೊಂಡಿತ್ತು. ಅವನದು ಹಳದಿ ಪ್ಲಾಸ್ಟಿಕ್ ಪೆಟ್ಟಿಗೆ, ಅಗ್ಗದ ಮಾಲು. ಒಂದು ಮುರಿದರೆ ಇನ್ನೊಂದು ತಂದರಾಯಿತು ಎನ್ನುವವನು. ಇಬ್ಬರದೂ ಎಣ್ಣೆ ಸೀಗೆಕಾಯಿ.

ಜಗಳ ಕೇಳಿ ಕೇಳಿ ಬೇಸತ್ತ ದೊಡ್ಡಪ್ಪ ಒಂದು ದಿನ ಇಬ್ಬರನ್ನೂ ಕರೆದರು. ಮಂಡಿನೋವಿನಿಂದ ತಾವು ಗಾಡಿಯಡಿಯ ಗುಂಡಿಗೆ ಇಳಿಯುವುದು ಇನ್ನಾಗದು, ಇಡೀ ಗ್ಯಾರೇಜಿಗೆ ಹೊಸ ಸಾಮಾನೂ ಕೊಳ್ಳಬೇಕು, ಕೆಲಸ ನೋಡಿಕೊಳ್ಳಲು ಒಬ್ಬ ಮೇಸ್ತ್ರಿಯೂ ಬೇಕು ಎಂದರು. ಈ ತಿಂಗಳೆಲ್ಲ ಒಂದೇ ಗಾಡಿಯ ಮೇಲೆ ಒಬ್ಬರು ನೀಲಿಯಲ್ಲಿ, ಇನ್ನೊಬ್ಬರು ಹಳದಿಯಲ್ಲಿ ಕೆಲಸ ಮಾಡಿ. ಯಾವುದು ಬಾಳುತ್ತೋ ಅದನ್ನು ಕೊಳ್ಳೋಣ, ಬಾಳಿಸಿದವರೇ ಮೇಸ್ತ್ರಿ ಎಂದು ಎದ್ದು ಹೋದರು.

ಆ ತಿಂಗಳು ಅವಳಿಗೆ ನಿದ್ದೆಯೂ ಅರ್ಧವಾಯಿತು. ತುಕ್ಕು ಹಿಡಿದ ಬೋಲ್ಟಿನ ಮೇಲೆ ಅವಳ ರಾಚೆಟ್ಟಿನ ತುದಿಯ ಸಾಕೆಟ್ಟು ಜಾರದೆ ಕಚ್ಚಿಕೊಂಡರೆ ಅವನ ಕಡೆ ನೋಡುತ್ತಿದ್ದಳು. ಅವನು ಅಷ್ಟರಲ್ಲಿ ಇವಳ ಕಡೆಯೇ ನೋಡುತ್ತಿರುತ್ತಿದ್ದ. ಇಬ್ಬರೂ ಒಟ್ಟಿಗೇ ಕಣ್ಣು ತಪ್ಪಿಸುತ್ತಿದ್ದರು. ಸುತ್ತಿಗೆ, ಮೀಟುಗೋಲು, ಇಕ್ಕಳದ ವಿಷಯದಲ್ಲಿ ಹಳದಿಯೇನೂ ಕಡಿಮೆಯಿಲ್ಲ ಎಂಬುದು ಅವಳಿಗೆ ಬೇಗ ತಿಳಿಯಿತು. ಬಾಯಿಬಿಟ್ಟು ಹೇಳಲಿಲ್ಲ.

ಒಮ್ಮೆ ಅವನು ತನ್ನ ಸ್ಪ್ಯಾನರನ್ನು ಗ್ರೈಂಡರಿಗೆ ಹಿಡಿದು ತೆಳ್ಳಗೆ ಮಾಡುತ್ತಿದ್ದ. ಇಕ್ಕಟ್ಟಿನ ಸಂದಿಗೆ ಬೇಕಂತೆ. ಕಿಡಿ ಹಾರುವುದನ್ನು ನೋಡಿ ಅವಳ ಹೊಟ್ಟೆ ಉರಿಯಿತು.

"ಸಾಮಾನನ್ನ ಹಾಗೆ ಹಾಳು ಮಾಡ್ತಾರಾ?"

"ಹಾಳಲ್ಲ ಮೇಡಂ, ಉಪಯೋಗ. ನಿಮ್ಮದನ್ನ ಉಜ್ಜೋಕೆ ನಿಮಗೆ ಮನಸ್ಸು ಬರುತ್ತಾ? ಮುಟ್ಟೋಕೇ ಬಿಡಲ್ಲ ನೀವು."

ಕೊನೆಯ ಮಾತಿಗೆ ಅವನ ತುಟಿಯಂಚಿನಲ್ಲಿ ಸಣ್ಣ ನಗು ಸುಳಿಯಿತು. ಅವಳ ಕೆನ್ನೆ ಬಿಸಿಯಾಯಿತು. ಗ್ರೈಂಡರಿನ ಕಾವಿಗೆ ಎಂದುಕೊಂಡಳು.

ತಿಂಗಳು ಮುಗಿಯುವ ಹೊತ್ತಿಗೆ ಲಾರಿಯೊಂದರ ಗೇರ್‌ಬಾಕ್ಸ್ ಇಳಿಸುವ ಕೆಲಸ ಬಂತು. ಮಧ್ಯಾಹ್ನ. ಇಬ್ಬರೂ ಗುಂಡಿಯಲ್ಲಿ, ತಲೆಯ ಮೇಲೆ ಲಾರಿ. ಗೇರ್‌ಬಾಕ್ಸಿನ ಕೆಳಗೆ ಜಾಕು. ಅವಳ ಕಡೆಯ ಬೋಲ್ಟುಗಳು ಬಿಚ್ಚಿದ್ದವು. ಅವನ ಕಡೆ ಒಂದು ಜಪ್ಪಯ್ಯ ಎನ್ನದೆ ಕೂತಿತ್ತು. ಅವನು ರಾಚೆಟ್ಟಿನ ಹಿಡಿಗೆ ಉದ್ದನೆಯ ಪೈಪು ತೊಡಿಸಿದ. ಅಷ್ಟು ಬಲಕ್ಕೆ ಆ ಸಾಕೆಟ್ಟು ತಡೆಯದೆಂದು ಅವಳಿಗೆ ಗೊತ್ತಿತ್ತು. ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

ಸಾಕೆಟ್ಟು ಚಟಾರನೆ ಸೀಳಿತು. ಅವನು ಮುಗ್ಗರಿಸಿ ಜಾಕಿನ ಮೇಲೆ ಬಿದ್ದ. ಗೇರ್‌ಬಾಕ್ಸು ಒಂದು ಮಗ್ಗುಲಿಗೆ ವಾಲಿ, ಅವಳ ಎಡಗೈಯನ್ನು ಲಾರಿಯ ತಳದ ಅಡ್ಡಪಟ್ಟಿಗೆ ಒತ್ತಿ ಹಿಡಿಯಿತು.

ಅವಳು ಕೂಗಲಿಲ್ಲ. ಉಸಿರೇ ಇರಲಿಲ್ಲ. ಕೂಗಿದವನು ಅವನು. ದೊಡ್ಡಪ್ಪ ಮಂಡಿನೋವು ಮರೆತು ಓಡಿಬಂದು, ಜಾಕು ಇನ್ನೂ ಸರಿಯದ ಹಾಗೆ ಮರದ ದಿಮ್ಮಿಗಳನ್ನು ತುರುಕಿದರು. ಭಾರವೇನೋ ನಿಂತಿತು, ಆದರೆ ಕೈ ಬಿಡಿಸಬೇಕಾದರೆ ಅಡ್ಡಪಟ್ಟಿಯನ್ನೇ ಸಡಿಲಿಸಬೇಕು. ಅದರ ನಟ್ಟು ಕೆಳಗೆ, ಅವಳ ಬಲಗೈಗೆ ಮಾತ್ರ ಎಟಕುವಂತಿತ್ತು. ಬೋಲ್ಟಿನ ತಲೆ ಮೇಲೆ, ಬೆರಳೂ ತೂರದ ಸಂದಿಯಲ್ಲಿ. ತಲೆಯನ್ನು ಯಾರಾದರೂ ಬಿಗಿಯಾಗಿ ಹಿಡಿಯದಿದ್ದರೆ ನಟ್ಟಿನ ಜೊತೆ ಬೋಲ್ಟೂ ಸುಮ್ಮನೆ ಸುತ್ತುತ್ತದೆ.

ಅವನು ಆ ತೆಳ್ಳಗಿನ ಸ್ಪ್ಯಾನರನ್ನು ಸಂದಿಗೆ ತೂರಿಸಿದ. ಅದು ಹೋಗಿ ಕೂತಿತು. ಅವಳ ರಾಚೆಟ್ಟನ್ನು ಅವಳ ಬಲಗೈಗೆ ಕೊಟ್ಟ. ಹೆಬ್ಬೆರಳಿನಗಲದಷ್ಟೇ ಆಡಿಸಲು ಜಾಗ. ಸಣ್ಣ ಹಲ್ಲಿನ ರಾಚೆಟ್ಟಾದ್ದರಿಂದ ಅಷ್ಟರಲ್ಲೇ ಕಚ್ಚಿಕೊಂಡಿತು. ಇಬ್ಬರ ಮುಖಗಳ ನಡುವೆ ಒಂದು ಗೇಣೂ ಇರಲಿಲ್ಲ. ಅವನ ಹಣೆಯ ಬೆವರು ಅವಳ ಕತ್ತಿನ ಮೇಲೆ ಬೀಳುತ್ತಿತ್ತು.

"ಕೈ ನೋಡ್ಬೇಡಿ," ಎಂದ. "ನನ್ನ ನೋಡಿ ತಿರುಗಿಸಿ."

ಅವಳು ನೋಡಿದಳು. ಕಣ್ಣೆವೆಗಳ ಮೇಲೆ ಧೂಳು, ಕಪ್ಪಿನ ಸುತ್ತ ಜೇನುಬಣ್ಣದ ತೆಳುಗೆರೆ. ಇಷ್ಟು ದಿನ ಕದ್ದು ನೋಡಿದ್ದನ್ನು ಈಗ ನೆಟ್ಟ ನೋಟದಲ್ಲಿ ನೋಡಿದಳು. ಬೆರಳು ತನ್ನಷ್ಟಕ್ಕೆ ತಿರುಗಿಸುತ್ತ ಹೋಯಿತು. ಪಟ್ಟಿ ಸಡಿಲವಾಗಿ ಕೈ ಹೊರಬಂದಾಗ ಅವಳು ಕುಸಿದಳು. ಅವನು ಹಿಡಿದುಕೊಂಡ.

ಮೂಳೆ ಮುರಿದಿಲ್ಲ, ಕೈಗೆ ವಿಶ್ರಾಂತಿ ಕೊಡಿ ಎಂದರು ಡಾಕ್ಟರು. ಮನೆಯಲ್ಲಿ ಕೂತಿದ್ದವಳನ್ನು ದೊಡ್ಡಪ್ಪ ತೀರ್ಪು ಕೇಳಿದಾಗ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಬಲ ಬೀಳುವ ರಾಚೆಟ್ಟು, ಸಾಕೆಟ್ಟುಗಳು ನೀಲಿಯವೇ ಇರಲಿ. ಹೊಡೆಯಲು, ಮೀಟಲು, ಕೊರೆದು ಉಜ್ಜಿ ಬೇಕಾದ ಹಾಗೆ ಮಾಡಿಕೊಳ್ಳಲು ಹಳದಿಯವು ಸಾಕು. ದೊಡ್ಡಪ್ಪ ನಿಟ್ಟುಸಿರಿಟ್ಟು, ಇಷ್ಟು ತಿಳಿಯೋಕೆ ಕೈ ಜಜ್ಜಿಸಿಕೊಳ್ಳಬೇಕಿತ್ತಾ ಎಂದರು. ನೀನೇ ಮೇಸ್ತ್ರಿ ಎಂದರು. ಆಮೇಲೆ ತಡೆದು, ಹೊಸಬ ಕೆಲಸ ಬಿಟ್ಟ, ಸಂಜೆ ಬಸ್ಸಿಗೆ ಹೊರಡುತ್ತಾನಂತೆ ಎಂದರು.

ಅವಳಿಗೆ ಸಿಟ್ಟು ಬಂತು. ಚಪ್ಪಲಿ ಮೆಟ್ಟಿ ಹೊರಟವಳು ಸೈಕಲ್ ಅಂಗಡಿಯ ಮೇಲಿನ ಅವನ ಕೋಣೆಯ ಬಾಗಿಲಲ್ಲಿ ನಿಂತಳು. ಅವನು ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ನನ್ನನ್ನ ಮೇಸ್ತ್ರಿ ಮಾಡಿದ್ರು ಅಂತ ಹೋಗ್ತಿದ್ದೀರಾ? ಹೆಂಗಸಿನ ಕೈಕೆಳಗೆ ದುಡಿಯೋದು ಅವಮಾನವಾ?"

ಅವನು ಅವಳ ಬ್ಯಾಂಡೇಜನ್ನೇ ನೋಡುತ್ತ ಮಂಚದ ಅಂಚಿಗೆ ಕುಳಿತ. "ನಿಮ್ಮ ಕೈಕೆಳಗೆ ದುಡಿಯೋದು ಕಷ್ಟ ಅಲ್ಲ. ಆ ಕೈನ ದಿನಾ ನೋಡ್ತಾ ದುಡಿಯೋದು ಕಷ್ಟ. ಸಾಕೆಟ್ ತಾಳಲ್ಲ ಅಂತ ಗೊತ್ತಿದ್ದೂ ಪೈಪ್ ಹಾಕಿದೆ. ನಿಮ್ಮೆದುರು ಸೋಲಬಾರದು ಅನ್ನೋ ಹಟ."

ಇಲ್ಲಿ ಅವಳು ಸುಮ್ಮನಿದ್ದುಬಿಡಬಹುದಿತ್ತು.

"ಪೈಪ್ ಹಾಕಿದ್ದನ್ನ ನಾನೂ ನೋಡಿದೆ. ಬೇಡ ಅನ್ನಬಹುದಿತ್ತು. ಮುರೀಲಿ ಅಂತಲೇ ಸುಮ್ಮನಿದ್ದೆ."

ಅವನು ತಲೆ ಎತ್ತಿದ. ಕೆಳಗಿನ ಅಂಗಡಿಯಲ್ಲಿ ಯಾರೋ ಟ್ಯೂಬಿಗೆ ಗಾಳಿ ತುಂಬುವ ಸದ್ದು. ಇನ್ನೇನು ತಿರಸ್ಕಾರದ ಮಾತು ಬರುತ್ತದೆ ಎಂದು ಅವಳು ಕಾದಳು.

"ಮುರಿದಾಗ ಖುಷಿ ಆಯ್ತಾ?"

"ಆಗೋಕೆ ಪುರುಸೊತ್ತೇ ಸಿಗಲಿಲ್ಲ."

ಅವನಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಅವಳ ಕಣ್ಣು ತುಂಬಿದ್ದನ್ನು ಅವನು ನೋಡಲಿಲ್ಲ, ಅಥವಾ ನೋಡಿದವನಂತೆ ತೋರಿಸಿಕೊಳ್ಳಲಿಲ್ಲ.

"ಇನ್ನೊಂದಿದೆ," ಎಂದ, ಗೋಡೆಯ ಕಡೆಗೇ. "ನಿಮ್ಮ ಕೈ ಸಿಕ್ಕಿಕೊಂಡಿದ್ದಾಗ ಜೀವವೇ ಬಾಯಿಗೆ ಬಂದಿತ್ತು. ಆದ್ರೂ, ಬಿಡಿಸ್ಕೊಂಡ ಮೇಲೆ ನೀವು ದೂರ ಹೋಗಬಾರದು ಅನ್ನಿಸ್ತು. ಅಂಥ ಹೊತ್ತಲ್ಲಿ ಹಾಗೆಲ್ಲ ಅನ್ನಿಸ್ತಲ್ಲ ಅಂತ ನಾಚಿಕೆ ಆಯ್ತು."

ಅವಳು ಬಾಗಿಲು ಬಿಟ್ಟು ಒಳಗೆ ಬಂದಳು.

"ನನಗೂ ಅನ್ನಿಸ್ತು. ನನಗೆ ನಾಚಿಕೆ ಆಗಲಿಲ್ಲ."

ಅವನು ತಿರುಗಿದ. ಅವಳು ಚೀಲವನ್ನು ಕಣ್ಣಲ್ಲೇ ತೋರಿಸಿದಳು. "ಬಟ್ಟೆ ತೆಗೆದು ಇದ್ದಲ್ಲೇ ಇಡು."

ಇಡಿ ಎನ್ನಲಿಲ್ಲ, ಇಡು ಎಂದಿದ್ದಳು. ಇಬ್ಬರಿಗೂ ಅದು ಕೇಳಿಸಿತು.

"ಮೇಸ್ತ್ರಿ ಆರ್ಡರ್ ಏನಿದು?" ಎಂದ ಅವನು.

"ಅಲ್ಲ. ಕೇಳಿಕೊಳ್ತಿದ್ದೀನಿ."

ಅವನು ಚೀಲದಿಂದ ಒಂದು ಅಂಗಿ ಹೊರತೆಗೆದ. ಅವಳು ಮಡಿಸಲು ನೋಡಿದಳು. ಒಂದೇ ಕೈ, ಆಗಲಿಲ್ಲ. ಅಂಗಿಯ ಜಾರಿದ ತೋಳನ್ನು ಅವನು ಹಿಡಿದುಕೊಂಡ, ಇನ್ನೊಂದನ್ನು ಅವಳು. ಮಡಿಸುತ್ತ ಮಡಿಸುತ್ತ ಇಬ್ಬರೂ ಹತ್ತಿರ ಬಂದರು. ಅಂಗಿ ಅಂಗೈಯಗಲವಾದ ಮೇಲೂ ಯಾರೂ ಕೈ ಬಿಡಲಿಲ್ಲ.